ಗಿಟಾರ್‌ನಲ್ಲಿ ಸ್ವರ ಸರಿಯಿದೆ, ಹಾಡು ಯಾಕೆ ಬರ್ತಿಲ್ಲ?

ಟ್ಯಾಬ್ (ಯಾವ ತಂತಿ, ಎಲ್ಲಿ ಒತ್ತಬೇಕು ಅಂತ ಅಂಕಿಗಳಲ್ಲಿ ಬರೆದದ್ದು) ನೋಡಿಕೊಂಡು ನುಡಿಸುತ್ತೀರಿ, ಒಂದು ಸ್ವರವೂ ತಪ್ಪಿಲ್ಲ, ಆದರೂ ಕೇಳಿದರೆ ಸಪ್ಪೆ. ಎಲ್ಲ ಸ್ವರಕ್ಕೂ ಒಂದೇ ತೂಕ, ಒಂದೇ ಉದ್ದ ಕೊಟ್ಟರೆ ಹಾಗೇ ಆಗುವುದು. ಹಾಡುವಾಗ ನಾವು ಹಾಗೆ ಮಾಡುವುದಿಲ್ಲ ಅಲ್ವಾ? ಹೊಸ ಸ್ಕೇಲ್ ಕಲಿಯುವುದನ್ನು ಸ್ವಲ್ಪ ದಿನ ಬದಿಗಿಡಿ.

ಮೊದಲು ಗಿಟಾರ್ ಕೆಳಗಿಟ್ಟು, ನುಡಿಸಬೇಕಾದ ಸಾಲನ್ನು ಹಾಡಿ. ದನಿ ಹೇಗಿದ್ದರೂ ನಡೆಯುತ್ತದೆ. ಎಲ್ಲಿ ಉಸಿರು ತೆಗೆದುಕೊಂಡಿರಿ, ಎಲ್ಲಿ ಜಾರಿದಿರಿ, ಯಾವ ಸ್ವರದ ಮೇಲೆ ನಿಂತಿರಿ, ಅಷ್ಟು ಗಮನಿಸಿದರೆ ಸಾಕು.

ಈಗ ಒಂದೇ ತಂತಿ. ತೆಳ್ಳನೆಯ ತಂತಿಯಿಂದ ಎಣಿಸಿ, ಎರಡನೇ ತಂತಿಯ 5ನೇ ಫ್ರೆಟ್ಟನ್ನು (ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ) ಷಡ್ಜ ಅಂದುಕೊಳ್ಳಿ. ಆಗ ಮೋಹನ ರಾಗದ ಸ, ರಿ, ಗ, ಪ, ದ ಕ್ರಮವಾಗಿ 5, 7, 9, 12, 14ನೇ ಫ್ರೆಟ್‌ಗಳಲ್ಲಿ ಸಿಗುತ್ತವೆ. ಇದೇ ಜಾಗ ಹೇಳಿದ್ದಕ್ಕೆ ಕಾರಣವಿದೆ: ಒಂದನೇ ತಂತಿಯನ್ನೂ ದಪ್ಪನೆಯ ಆರನೇ ತಂತಿಯನ್ನೂ ಒತ್ತದೆ ಸುಮ್ನೆ ಮೀಟಿದರೆ ಷಡ್ಜವೇ ಬರುತ್ತದೆ, ಬೇರೆ ಶ್ರುತಿ ಪೆಟ್ಟಿಗೆ ಬೇಡ.

ಜಾಸ್ತಿ ಹೊತ್ತು ಬೇಕಾಗುವುದು ರಿಯಿಂದ ಗಕ್ಕೆ ಹೋಗುವುದಕ್ಕೆ. ಮೊದಲು ಎರಡನ್ನೂ ಬಿಡಿಬಿಡಿಯಾಗಿ ಮೀಟಿ. ಆಮೇಲೆ ರಿ ಮಾತ್ರ ಮೀಟಿ, ಒತ್ತಿದ ಬೆರಳು ಎತ್ತದೆ 9ನೇ ಫ್ರೆಟ್‌ಗೆ ಜಾರಿಸಿ. ಮೂರನೆಯದು ಬೆಂಡ್: 9ನೇ ಫ್ರೆಟ್ ಒಮ್ಮೆ ಮೀಟಿ ಆ ಸ್ವರವನ್ನು ಕಿವಿಯಲ್ಲಿ ಇಟ್ಟುಕೊಳ್ಳಿ, ನಂತರ 7ರಲ್ಲಿ ಉಂಗುರ ಬೆರಳಿಟ್ಟು, ಅದರ ಹಿಂದೆ ಮಧ್ಯದ ಬೆರಳು ಮತ್ತು ತೋರುಬೆರಳನ್ನೂ ಆಸರೆಗೆ ಕೊಟ್ಟು, ಮಣಿಕಟ್ಟು ತಿರುಗಿಸುತ್ತಾ ತಂತಿಯನ್ನು ಮೇಲಕ್ಕೆ ತಳ್ಳಿ, ಆ ಸ್ವರ ಮುಟ್ಟುವವರೆಗೆ. ಅರ್ಧಕ್ಕೆ ನಿಂತ ಬೆಂಡ್ ಬರೀ ಅಪಸ್ವರ. ಅಕೂಸ್ಟಿಕ್‌ನ ದಪ್ಪ ತಂತಿ ಅಷ್ಟು ಬಗ್ಗದಿದ್ದರೆ ಹಟ ಬೇಡ, ಜಾರಿಸುವುದೇ ಚೆಂದ. ಕರ್ನಾಟಕ ಸಂಗೀತ ನುಡಿಸುವ ಗಿಟಾರ್ ಪ್ರಸನ್ನ ಅವರ ಎಡಗೈಯನ್ನು ನೋಡಿ, ಫ್ರೆಟ್ ಇದ್ದರೂ ಗಮಕ ಎಷ್ಟು ಸಲೀಸು ಅಂತ ಗೊತ್ತಾಗುತ್ತದೆ.

ವೈಬ್ರಾಟೋ, ಅಂದರೆ ಒತ್ತಿದ ಬೆರಳನ್ನು ಅಲುಗಾಡಿಸಿ ಸ್ವರವನ್ನು ಕಂಪಿಸುವುದು, ಆಮೇಲೆ. ಸ್ವರ ಮುಟ್ಟಿದ ಕೂಡಲೇ ಅಲುಗಾಡಿಸಬೇಡಿ, ಒಂದು ಕ್ಷಣ ನೆಟ್ಟಗೆ ನಿಲ್ಲಲಿ, ನಂತರ ನಿಧಾನಕ್ಕೆ. ಪ್ರತಿ ಸ್ವರಕ್ಕೂ ಹಾಕಿದರೆ ನಡುಗಿದ ಹಾಗೆ ಕೇಳುತ್ತದೆ.

ಬಲಗೈಯನ್ನು ಮರೆಯುವವರೇ ಹೆಚ್ಚು. ಬ್ರಿಡ್ಜ್ (ಗಿಟಾರ್‌ನ ಒಡಲ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಮೀಟಿದರೆ ದನಿ ಚೂಪು, ಕುತ್ತಿಗೆಯ ಕಡೆ ಮೀಟಿದರೆ ಮೃದು. ಒಂದೇ ಸಾಲನ್ನು ಎರಡು ಸಲ ನುಡಿಸಬೇಕಾಗಿ ಬಂದಾಗ ಎರಡನೇ ಸಲ ಕೈ ಸರಿಸಿ, ಅಷ್ಟಕ್ಕೇ ಬೇರೆ ಬಣ್ಣ ಬರುತ್ತದೆ. ಹಾಡುವಾಗ ಉಸಿರು ತೆಗೆದುಕೊಂಡ ಜಾಗದಲ್ಲಿ ತಂತಿಯನ್ನು ಅಂಗೈಯಿಂದ ಮುಚ್ಚಿ, ಪೂರ್ತಿ ನಿಶ್ಶಬ್ದ. ಅಲ್ಲಿ ಏನಾದರೂ ತುಂಬಿಸಲು ಕೈ ತುರಿಸುತ್ತದೆ, ತುಂಬಿಸಬೇಡಿ.

ಫೋನ್‌ನಲ್ಲಿ ಮೊದಲು ಹಾಡಿದ್ದು, ಆಮೇಲೆ ನುಡಿಸಿದ್ದು, ಎರಡನ್ನೂ ರೆಕಾರ್ಡ್ ಮಾಡಿ ಒಟ್ಟಿಗೆ ಕೇಳಿ. ಅಂದಹಾಗೆ, ಬೆಂಡ್ ಜಾಸ್ತಿ ಮಾಡಿದರೆ ತಂತಿಯ ಶ್ರುತಿ ಇಳಿಯುತ್ತದೆ, ನಡುನಡುವೆ ಟ್ಯೂನರ್ ಹಾಕಿ ನೋಡಿಕೊಳ್ಳಿ.