ಉಪ್ಪುಗಾಳಿಯ ಊರಿನಲ್ಲಿ ನಾನೂರು ಅಶ್ವಶಕ್ತಿಯ ಡ್ರ್ಯಾಗ್ ಕಾರು ಕಟ್ಟುವ ಕ್ರಮ

ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ ಓಡುವ ಡ್ರ್ಯಾಗ್ ಓಟಕ್ಕೆ ಕಾರು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಟರ್ಬೊ, ಅಂದರೆ ಇಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಗಾಳಿಯನ್ನು ಒಳಕ್ಕೆ ಒತ್ತುವ ಯಂತ್ರ, ಕೊಳ್ಳುತ್ತಾರೆ. ಇಡೀ ಕೆಲಸದಲ್ಲಿ ನೋಡಲು ಚೆಂದವಿರುವ ವಸ್ತು ಅದೊಂದೇ ಆದ್ದರಿಂದ ಅದು ಸಹಜವೇ. ಆಮೇಲೆ ಹಣ ಒದಗಿದಂತೆ ಇಂಧನದ ಪಂಪು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರು, ಕ್ಲಚ್ಚು ಎಂದು ಒಂದೊಂದಾಗಿ ಸೇರಿಸುತ್ತ ಹೋಗುತ್ತಾರೆ. ಕಾರವಾರದಂಥ ಊರಿನಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಬೇಸಿಗೆಯ ಒಂದು ದಿನ ಇಲ್ಲಿನ ಗಾಳಿ 32 ಡಿಗ್ರಿ ಬಿಸಿಯಾಗಿದ್ದು ಆರ್ದ್ರತೆ ಶೇ. 80ರಷ್ಟಿದ್ದರೆ, ಇಂಜಿನ್ನು ಒಳಗೆಳೆಯುವ ಗಾಳಿಯಲ್ಲಿ ಶೇ. 4ಕ್ಕೆ ಹತ್ತಿರದಷ್ಟು ಪಾಲು ಬರಿಯ ನೀರಾವಿಯೇ ಆಗಿರುತ್ತದೆ, ಅಂದರೆ ಅಷ್ಟು ಆಮ್ಲಜನಕ ಮೊದಲೇ ಖೋತಾ. ಆ ಕೊರತೆಯನ್ನು ತುಂಬಲು ಬೂಸ್ಟ್, ಅಂದರೆ ಟರ್ಬೊ ಗಾಳಿಯನ್ನು ತಳ್ಳುವ ಒತ್ತಡ, ಏರಿಸಿದರೆ ಗಾಳಿ ಇನ್ನಷ್ಟು ಕಾಯುತ್ತದೆ. ಆದ್ದರಿಂದ ಟರ್ಬೊವನ್ನು ಕಾಗದದ ಮೇಲೆ ಮೊದಲು ನಿರ್ಧರಿಸಿ, ಶಾಖ ಕಳೆಯುವ ವ್ಯವಸ್ಥೆ, ಇಂಧನ, ಇಂಜಿನ್ನಿನ ಒಳಭಾಗ ಇವೆಲ್ಲ ಸಿದ್ಧವಾದ ಮೇಲಷ್ಟೇ ಅದನ್ನು ಕೈಗೆ ತೆಗೆದುಕೊಳ್ಳಬೇಕು.

ಇಂಥ ಕಾರು ರಸ್ತೆಗೆ ಸಲ್ಲುವುದಿಲ್ಲ. ಅಂಕೋಲೆಯ ಕಡೆಗೆ ಅಗಲವಾಗಿ ಚಾಚಿಕೊಂಡಿರುವ ಹೆದ್ದಾರಿ 66 ರಾತ್ರಿ ಹೊತ್ತು ಎಷ್ಟೇ ಕೈಬೀಸಿ ಕರೆದರೂ, ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಸಾರ್ವಜನಿಕ ರಸ್ತೆಯ ಓಟವನ್ನು ಅಪರಾಧವೆನ್ನುತ್ತದೆ, 52ನೇ ಕಲಮು ತಯಾರಕರ ವಿವರಕ್ಕೆ ಹೊರತಾದ ಮಾರ್ಪಾಟನ್ನು ತಡೆಯುತ್ತದೆ. ಕಾರನ್ನು ಟ್ರೇಲರಿನ ಮೇಲೇರಿಸಿ, ಭಾರತೀಯ ಮೋಟಾರು ಕ್ರೀಡಾ ಒಕ್ಕೂಟದ ಅನುಮತಿ ಪಡೆದ ಸ್ಪರ್ಧೆಗೆ ಒಯ್ಯುವುದೆಂದು ಮೊದಲೇ ತೀರ್ಮಾನಿಸಿಕೊಂಡರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ. ಆದರೆ ಅರಬೈಲು ಘಟ್ಟ ಹತ್ತಿಸುವ ವಾಹನಕ್ಕೂ ಅದರ ಡೀಸೆಲಿಗೂ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಬಿಡಬೇಕಾಗುತ್ತದೆ.

ಉದಾಹರಣೆಗೆ ನಾನು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರನ್ನು ತೆಗೆದುಕೊಳ್ಳುತ್ತೇನೆ. ಅದರ 1781 ಸಿಸಿ ಇಂಜಿನ್ನಿಗೆ ಒಂದೊಂದು ಸಿಲಿಂಡರಿಗೆ ಐದರಂತೆ 20 ವಾಲ್ವುಗಳಿವೆ, ಎರಕದ ಕಬ್ಬಿಣದ ಬ್ಲಾಕು ಗಟ್ಟಿಯಾಗಿದೆ, ಮೂಲದಲ್ಲಿಯೇ ಟರ್ಬೊ ಇದೆ ಮತ್ತು ಭಾರತದಲ್ಲಿ ಮಾರಾಟವಾದ ಮಾದರಿ ಕಾರ್ಖಾನೆಯಿಂದ 150 ಅಶ್ವಶಕ್ತಿಯೊಂದಿಗೆ ಬಂದದ್ದು. ಅದನ್ನು 400ಕ್ಕೆ ಏರಿಸುವುದು ಗುರಿ. ಒಳಗಿನ ಅನಗತ್ಯ ಭಾರ ತೆಗೆದು ಚಾಲಕನ ಸಮೇತ 1300 ಕಿಲೋಗೆ ಇಳಿಸಿ, ಚಕ್ರಕ್ಕೆ 340 ಅಶ್ವಶಕ್ತಿ ತಲುಪುತ್ತದೆ ಎಂದು ಹಿಡಿದರೆ, ಕಾಲು ಮೈಲಿ ಅಂದರೆ 402 ಮೀಟರನ್ನು ಕ್ರಮಿಸಲು ಭಾರ ಮತ್ತು ಶಕ್ತಿಯಿಂದ ಸಮಯ ಅಂದಾಜಿಸುವ ಸೂತ್ರದ ಪ್ರಕಾರ 12 ಸೆಕೆಂಡಿಗೆ ಸ್ವಲ್ಪ ಕಡಿಮೆ ಸಾಕು, ಕೊನೆಯ ವೇಗ ಗಂಟೆಗೆ 185 ಕಿ.ಮೀ. ಆಸುಪಾಸು. ಮುಂದಿನ ಚಕ್ರದಿಂದ ಓಡುವ ಕಾರು ಹೊರಡುವಾಗ ಜಾರುವುದರಿಂದ ಸಮಯ ಸೂತ್ರಕ್ಕಿಂತ ಹಿಂದೆ ಬೀಳುತ್ತದೆ, ವೇಗ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ.

ಈಗ ಗಾಳಿಯ ಲೆಕ್ಕ. ಪೆಟ್ರೋಲ್ ಇಂಜಿನ್ನಿಗೆ 400 ಅಶ್ವಶಕ್ತಿ ಬೇಕಾದರೆ ನಿಮಿಷಕ್ಕೆ ಸುಮಾರು 18 ಕಿಲೋ ಗಾಳಿ ಬೇಕು. ಇಷ್ಟು ಚಿಕ್ಕ ಇಂಜಿನ್ನು ನಿಮಿಷಕ್ಕೆ 7000 ಸುತ್ತು ತಿರುಗುವಾಗ ಅಷ್ಟನ್ನು ನುಂಗಬೇಕೆಂದರೆ, ತಣಿಸಿದ ಗಾಳಿ 50–55 ಡಿಗ್ರಿಯಲ್ಲಿದ್ದಾಗ, ಬೂಸ್ಟ್ 1.85 ಬಾರ್ ಇರಬೇಕಾಗುತ್ತದೆ. ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರಿನ ನಕ್ಷೆ (ಯಾವ ಹರಿವು, ಯಾವ ಒತ್ತಡದಲ್ಲಿ ಅದು ಎಷ್ಟು ದಕ್ಷ ಎಂದು ತೋರಿಸುವ ಚಿತ್ರ) ನೋಡುವಾಗ ಬೂಸ್ಟ್ ಗೇಜಿನ ಅಂಕಿಯನ್ನಲ್ಲ, ಒತ್ತಡದ ಅನುಪಾತವನ್ನು ನೋಡಬೇಕು: ಸಮುದ್ರಮಟ್ಟದಲ್ಲಿ ಹೊರಗಿನ 1.01 ಬಾರಿಗೆ 1.85 ಸೇರಿ 2.86, ಅದನ್ನು 1.01ರಿಂದ ಭಾಗಿಸಿದರೆ 2.83. ಇದೇ ಕಾರನ್ನು ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಒಯ್ದರೆ ಅನುಪಾತ 2.96 ಆಗುತ್ತದೆ, 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ 3ನ್ನು ದಾಟುತ್ತದೆ. ಗೇಜಿನಲ್ಲಿ ಅದೇ 1.85 ಕಂಡರೂ ಘಟ್ಟದ ಮೇಲೆ ಟರ್ಬೊ ಇನ್ನೂ ಜೋರಾಗಿ ತಿರುಗುತ್ತಿರುತ್ತದೆ. ಕರಾವಳಿಯ ಬಿಂದುವೂ ಘಟ್ಟದ ಮೇಲಿನ ಬಿಂದುಗಳೂ ನಕ್ಷೆಯ ನಡುವಿನ ದಕ್ಷ ವಲಯದಲ್ಲಿ ಬೀಳುವಂಥ ಟರ್ಬೊ ಆರಿಸಿಕೊಳ್ಳಬೇಕು. ಗ್ಯಾರೆಟ್ ಕಂಪನಿಯ ಜಿ25-550 ಗಾತ್ರದ ಬಾಲ್ ಬೇರಿಂಗ್ ಟರ್ಬೊ ಈ ಗುರಿಗೆ ಸರಿಹೊಂದುತ್ತದೆ. ಇದಕ್ಕಿಂತ ದೊಡ್ಡದು ಕಾಗದದ ಮೇಲೆ ಹೆಚ್ಚು ಶಕ್ತಿ ತೋರಿಸಿದರೂ, ಗೇರ್ ಬದಲಿಸಿದಾಗಲೆಲ್ಲ ಬೂಸ್ಟ್ ಮರಳಲು ತಡಮಾಡುತ್ತದೆ.

ಗಾಳಿಯನ್ನು ಇಷ್ಟು ಒತ್ತಿದರೆ, ಶೇ. 72ರ ದಕ್ಷತೆಯ ಒಳ್ಳೆಯ ಕಂಪ್ರೆಸರಿನಿಂದಲೂ ಅದು ಸುಮಾರು 180 ಡಿಗ್ರಿಯಲ್ಲಿ ಹೊರಬರುತ್ತದೆ. ಅದನ್ನು 50ಕ್ಕೆ ಇಳಿಸುವುದೆಂದರೆ 39 ಕಿಲೋವಾಟ್ ಶಾಖ ಕಳೆಯಬೇಕು. ಹೊರಗಿನ ಗಾಳಿಯೇ 32 ಡಿಗ್ರಿ ಇರುವಲ್ಲಿ, ಅದೂ ಕಾರು ಓಟಕ್ಕೆ ಮುನ್ನ ಸಾಲಿನಲ್ಲಿ ನಿಂತು ಬೇಯುವಾಗ, ಮುಂಭಾಗದ ಗಾಳಿ ಇಂಟರ್‌ಕೂಲರನ್ನು ನಾನು ನಂಬುವುದಿಲ್ಲ. ನೀರಿನಿಂದ ತಣಿಯುವ ಇಂಟರ್‌ಕೂಲರ್ ಹಾಕಿ, ಅದರ ನೀರಿನ ತೊಟ್ಟಿಯನ್ನು ಹಿಂದಿನ ಡಿಕ್ಕಿಯಲ್ಲಿ ಭದ್ರವಾಗಿ ಕೂರಿಸಿ, ಅದಕ್ಕೆ ಮಂಜುಗಡ್ಡೆ ತುಂಬಬೇಕು. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಶಾಖ ಬೇಕಾಗುವುದರಿಂದ, 12 ಸೆಕೆಂಡಿನ ಒಂದು ಓಟಕ್ಕೆ ಹೆಚ್ಚೆಂದರೆ ಒಂದೂವರೆ ಕಿಲೋ ಖರ್ಚಾಗುತ್ತದೆ. ಎಂಟು–ಹತ್ತು ಕಿಲೋ ಹಿಡಿಯುವ ತೊಟ್ಟಿಯಿದ್ದರೆ ಕಾಯುವ ಹೊತ್ತಿನ ನಷ್ಟವನ್ನೂ ತಾಳಿಕೊಳ್ಳಬಹುದು. ಮೀನು ಒಯ್ಯುವ ಥರ್ಮಾಕೋಲ್ ಪೆಟ್ಟಿಗೆ ಮಂಜುಗಡ್ಡೆಯನ್ನು ಮೈದಾನಕ್ಕೆ ಒಯ್ಯಲೆಂದೇ ಹುಟ್ಟಿದಂತಿದೆ. ಬೈತಖೋಲದ ಬಂದರಿನಲ್ಲಿ ಮೀನಿನ ಜೊತೆ ಓಡಾಡುವ ಆ ಪೆಟ್ಟಿಗೆ ಓಟದ ಮೈದಾನದಲ್ಲಿ ಕಂಡರೆ ಮೊದಮೊದಲು ಜನ ನಗುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅವರೇ ಬಂದು ಒಂದು ತುಂಡು ಕೇಳುತ್ತಾರೆ.

ಇಂಧನಕ್ಕೂ ಇದೇ ಬಗೆಯ ಲೆಕ್ಕ ಬೇಕು. ಶುದ್ಧ ಪೆಟ್ರೋಲಿನ ಒಂದು ಕಿಲೋಗೆ ಪೂರ್ಣ ದಹನಕ್ಕೆ 14.7 ಕಿಲೋ ಗಾಳಿ ಬೇಕಾದರೆ, ಈಗ ಬಂಕಿನಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5 ಕಿಲೋ ಸಾಕು, ಆದ್ದರಿಂದ ಅದೇ ಗಾಳಿಗೆ ಇಂಧನ ಹೆಚ್ಚು ಸುರಿಯಬೇಕಾಗುತ್ತದೆ. ಪೂರ್ಣ ಬೂಸ್ಟಿನಲ್ಲಿ ಮಿಶ್ರಣವನ್ನು ಲ್ಯಾಂಬ್ಡಾ 0.80ರ ಹತ್ತಿರ, ಅಂದರೆ ಪೂರ್ಣ ದಹನಕ್ಕೆ ಬೇಕಾದ ಗಾಳಿಯ ಶೇ. 80ರಷ್ಟು ಮಾತ್ರ ಇರುವಂತೆ, ದಟ್ಟವಾಗಿಟ್ಟರೆ ನಿಮಿಷಕ್ಕೆ 2.2 ಲೀಟರ್, ಅಂದರೆ ಇಂಧನ ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳಲ್ಲಿ ಒಂದೊಂದಕ್ಕೆ 555 ಸಿಸಿ. ಇಂಜೆಕ್ಟರ್ ತೆರೆದಿರುವ ಅವಧಿ ಶೇ. 80 ಮೀರಬಾರದಾದ್ದರಿಂದ 750 ಸಿಸಿಯದು ಕನಿಷ್ಠ. ಪಂಪು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಮೋಸಹೋಗಬಾರದು: ಮೂಲ ಒತ್ತಡ 3 ಬಾರಿಗೆ ಬೂಸ್ಟಿನ 1.85 ಸೇರಿ ಪಂಪು ಸುಮಾರು 4.85 ಬಾರಿಗೆ ಎದುರಾಗಿ ತಳ್ಳಬೇಕು, ಒತ್ತಡ ಏರಿದಂತೆ ಅದರ ಹರಿವು ಇಳಿಯುತ್ತದೆ. ದೊಡ್ಡ ನಗರಗಳಲ್ಲಿ ಸಿಗುವ 100 ಆಕ್ಟೇನ್ ಪೆಟ್ರೋಲನ್ನು ಓಟದ ದಿನಕ್ಕೆ ಬಳಸುವುದಾದರೆ ಟ್ಯೂನ್ ಮಾಡುವ ದಿನವೂ ಅದನ್ನೇ ಬಳಸಬೇಕು. ಎಥೆನಾಲ್ ನೀರನ್ನು ಹೀರುತ್ತದೆ, ನೀರು ಮಿತಿಮೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ತೊಟ್ಟಿಯ ತಳಕ್ಕೆ ಇಳಿಯುತ್ತದೆ, ಪಂಪು ಹೀರುವುದೂ ಆ ತಳದಿಂದಲೇ. ಮಳೆಗಾಲದಲ್ಲಿ ಅರ್ಧ ತುಂಬಿದ ತೊಟ್ಟಿ ಇಲ್ಲಿ ಅಪಾಯವೇ ಸರಿ.

ಇಂಜಿನ್ನಿನ ಒಳಭಾಗದಲ್ಲಿ ಮೊದಲು ಸೋಲುವುದು ತೆಳುವಾದ ಮೂಲ ಕನೆಕ್ಟಿಂಗ್ ರಾಡುಗಳು. ಕುಲುಮೆಯಲ್ಲಿ ಬಡಿದು ತಯಾರಿಸಿದ ರಾಡು, ಅದೇ ಬಗೆಯ ಪಿಸ್ಟನ್ನು, ಸಂಪೀಡನ ಅನುಪಾತ 8.5ರಿಂದ 9ರ ನಡುವೆ, ಬಲವಾದ ಹೆಡ್ ಸ್ಟಡ್ಡು, ಇಷ್ಟಿದ್ದರೆ ಸಾಕು. 81 ಮಿ.ಮೀ. ಬೋರಿಗೆ (ಸಿಲಿಂಡರಿನ ಒಳವ್ಯಾಸಕ್ಕೆ) ಮೇಲಿನ ರಿಂಗಿನ ಸಂದು 0.40 ಮಿ.ಮೀ. ಆಸುಪಾಸಿನಲ್ಲಿಯೂ, ಬೇರಿಂಗಿನ ಸಡಿಲು ಅದರೊಳಗೆ ತಿರುಗುವ ಕ್ರ್ಯಾಂಕಿನ ಭಾಗವಾದ ಜರ್ನಲ್ ವ್ಯಾಸದ ಸಾವಿರದಲ್ಲೊಂದು ಭಾಗದಷ್ಟೂ ಇರಬೇಕು. ಪಿಸ್ಟನ್ ತಯಾರಕರ ಹಾಳೆಯಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ. ಬೋರಿಂಗಿಗೆ ಹುಬ್ಬಳ್ಳಿಗೆ ಕಳಿಸುವವರು ಬ್ಲಾಕಿನ ಜೊತೆಗೆ ಪಿಸ್ಟನ್ನುಗಳನ್ನೂ ಕಳಿಸಿ, ಹೆಡ್ಡಿನ ಬಿಗಿತವನ್ನು ಅನುಕರಿಸುವ ತಟ್ಟೆ ಬಿಗಿದು ಹೋನಿಂಗ್, ಅಂದರೆ ಸಿಲಿಂಡರಿನ ಒಳಮೈಯ ಕೊನೆಯ ಉಜ್ಜುವಿಕೆ, ಮಾಡಿಸಬೇಕು. ಹೆಡ್ಡು ಬಿಗಿದಾಗ ಸಿಲಿಂಡರ್ ಸ್ವಲ್ಪ ಆಕಾರಗೆಡುವುದರಿಂದ, ತಟ್ಟೆಯಿಲ್ಲದೆ ದುಂಡಗೆ ಕೊರೆದದ್ದು ಜೋಡಿಸಿದ ಮೇಲೆ ದುಂಡಗೆ ಉಳಿಯುವುದಿಲ್ಲ.

ಉಪ್ಪಿನ ವಿಷಯಕ್ಕೆ ಬರುತ್ತೇನೆ. ಒಮ್ಮೆ ನಾನು ಒಂದು ಮಳೆಗಾಲ ಪೂರ್ತಿ ಕಡಲಿಗೆ ಹತ್ತಿರದ ಶೆಡ್ಡಿನಲ್ಲಿ ಕಾರು ನಿಲ್ಲಿಸಿ, ಅಕ್ಟೋಬರಿನಲ್ಲಿ ಬೂಸ್ಟ್ ಕೊಟ್ಟಾಗ ಅದು ಮೂರನೆಯ ಗೇರಿನಲ್ಲಿ ಮುಗ್ಗರಿಸತೊಡಗಿತು. ಕಾಯಿಲು, ಪ್ಲಗ್ಗು, ಪಂಪು ಎಲ್ಲ ಬದಲಿಸಿ ಎರಡು ವಾರ ಕಳೆದ ಮೇಲೆ ಸಿಕ್ಕಿದ್ದು, ಬೂಸ್ಟ್ ಒತ್ತಡ ಅಳೆಯುವ ಸೆನ್ಸರಿನ ಜೋಡಣೆಯೊಳಗೆ ಹಸಿರುಗಟ್ಟಿದ ಒಂದು ಪಿನ್ನು. ಸೆನ್ಸರು ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸುತ್ತಿತ್ತು, ಇಂಜಿನ್ನಿಗೆ ಇಂಧನ ಸಾಲುತ್ತಿರಲಿಲ್ಲ. ಇನ್ನು ನಾಲ್ಕು ಓಟ ಆಗಿದ್ದರೆ ಪಿಸ್ಟನ್ನೇ ಕರಗುತ್ತಿತ್ತು. ಅಂದಿನಿಂದ ಪ್ರತಿಯೊಂದು ಜೋಡಣೆಗೂ ಒಳಗೆ ವಿದ್ಯುತ್ ಜೋಡಣೆಗೆಂದೇ ಬರುವ ಗ್ರೀಸು, ಹೊರಗೆ ರಬ್ಬರಿನ ಮುಚ್ಚಳ. ಅರ್ತಿಂಗ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿದು ಮೇಲೆ ಮತ್ತೆ ಬಣ್ಣ. ಅಲ್ಯೂಮಿನಿಯಮ್ ಇಂಟರ್‌ಕೂಲರನ್ನು ಉಕ್ಕಿನ ಪಟ್ಟಿಗೆ ನೇರವಾಗಿ ಬಿಗಿದರೆ ಉಪ್ಪುನೀರು ತಾಗಿದಾಗ ಅಲ್ಯೂಮಿನಿಯಮ್ ತಿನ್ನಿಸಿಕೊಳ್ಳುತ್ತದೆ, ನಡುವೆ ರಬ್ಬರ್ ಇಡಬೇಕು. ದೋಣಿಯ ಇಂಜಿನ್ ನೋಡುವ ಮೆಕ್ಯಾನಿಕರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಇಂಥ ಕೆಲಸಕ್ಕೆ ಕಾರಿನ ಅಂಗಡಿಗಿಂತ ಅವರನ್ನು ಕೇಳುವುದು ಲೇಸು.

ಟ್ಯೂನಿಂಗಿಗೆ ಸ್ವತಂತ್ರ ಇಸಿಯು (ಇಂಜಿನ್ನನ್ನು ನಡೆಸುವ ಕಂಪ್ಯೂಟರು), ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರು, ನಾಕಿಂಗ್ (ಇಂಧನ ಹಿಡಿತ ತಪ್ಪಿ ಸಿಡಿಯುವ ಸದ್ದು) ಕೇಳಿಸಿಕೊಳ್ಳುವ ಸೆನ್ಸರು ಮೂರೂ ಬೇಕು. ವೇಸ್ಟ್‌ಗೇಟಿನ (ಹೊಗೆಯನ್ನು ಟರ್ಬೊದಿಂದ ಬದಿಗೆ ಬಿಟ್ಟು ಬೂಸ್ಟನ್ನು ಮಿತಿಯಲ್ಲಿಡುವ ಕವಾಟದ) ಸ್ಪ್ರಿಂಗ್ ತಾನಾಗಿ ಹಿಡಿಯುವ ಒತ್ತಡಕ್ಕಿಂತ ಕಡಿಮೆ ಬೂಸ್ಟ್ ಎಂದೂ ಸಿಗುವುದಿಲ್ಲವಾದ್ದರಿಂದ, 0.7 ಬಾರಿನ ಸ್ಪ್ರಿಂಗಿನಿಂದ ಆರಂಭಿಸಿ 0.2 ಬಾರಿನಂತೆ ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲಿ ಮಿಶ್ರಣವನ್ನೂ ಕಿಡಿಯ ಸಮಯವನ್ನೂ ಸರಿಪಡಿಸಬೇಕು. ಕಾರಿನ ಶಕ್ತಿ ಅಳೆಯುವ ಡೈನೊ ಯಂತ್ರ ಇರುವುದು ಬೆಂಗಳೂರು, ಪುಣೆಯಂಥ ಊರುಗಳಲ್ಲಿ. ಅಲ್ಲಿಯ ಒಣ ತಂಪಿನಲ್ಲಿ ಒಪ್ಪಿದ ಕಿಡಿಯ ಸಮಯ ಕರಾವಳಿಯಲ್ಲಿ ಹಾಗೆಯೇ ಒಪ್ಪಬೇಕೆಂದಿಲ್ಲ. ಒಳಬರುವ ಗಾಳಿ 55 ಡಿಗ್ರಿ ದಾಟಿದರೆ ಕಿಡಿಯನ್ನು ತಾನಾಗಿ ತಡಮಾಡುವ, ಲ್ಯಾಂಬ್ಡಾ ಏರಿದರೆ ಅಥವಾ ಆಯಿಲಿನ ಒತ್ತಡ ಇಳಿದರೆ ಇಂಜಿನ್ನನ್ನು ತಡೆಯುವ ಏರ್ಪಾಟನ್ನು ಮೊದಲ ದಿನವೇ ಬರೆಸಿಕೊಳ್ಳಬೇಕು. ಆ ದಿನ ಟ್ಯೂನರಿಗೆ ಅವಸರವಿದ್ದರೆ ವಾಪಸು ಬರುವುದೇ ಒಳ್ಳೆಯದು.

ಕ್ಲಚ್ಚು, ಆ್ಯಕ್ಸಲ್ಲು, ಇಂಜಿನ್ ಮೌಂಟುಗಳನ್ನು ಬಲಪಡಿಸುವುದರ ಜೊತೆಗೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲದಿದ್ದರೆ ಶಕ್ತಿಯೆಲ್ಲ ಒಂದೇ ಟೈರಿನ ಹೊಗೆಯಾಗುತ್ತದೆ. ಹೊರಡುವಾಗ ಭಾರ ಹಿಂದಕ್ಕೆ ವಾಲುವುದರಿಂದ ಹಿಂದಿನ ಸ್ಪ್ರಿಂಗ್ ಗಡುಸಾಗಿರಬೇಕು, ಮುಂದೆ ಮೃದುವಾದ ಡ್ರ್ಯಾಗ್ ಟೈರು ಇರಬೇಕು, ಒಂದು ಮತ್ತು ಎರಡನೆಯ ಗೇರಿನಲ್ಲಿ ಬೂಸ್ಟ್ ಕಡಿಮೆ ಇರಬೇಕು. ಬ್ರೇಕು, ಬೆಂಕಿ ನಂದಿಸುವ ಸಿಲಿಂಡರು, ಹೆಲ್ಮೆಟ್ಟುಗಳ ವಿಷಯದಲ್ಲಿ ಆಯೋಜಕರ ನಿಯಮವೇ ಕನಿಷ್ಠ. ಅಮೆರಿಕದ ಡ್ರ್ಯಾಗ್ ಓಟದ ಸಂಸ್ಥೆಯಾದ ಎನ್‌ಎಚ್‌ಆರ್‌ಎ ಕಾಲು ಮೈಲಿಯನ್ನು 11.49 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಮುಗಿಸುವ ಹಳೆಯ ಮಾದರಿಯ ಕಾರುಗಳಿಗೆ, ಕಾರು ಉರುಳಿದಾಗ ಚಾಲಕನನ್ನು ಕಾಯುವ ರೋಲ್ ಬಾರ್ ಕಡ್ಡಾಯ ಮಾಡಿದೆ. ನಮ್ಮ ಕಾರು ಆ ಗಡಿಯ ಸಮೀಪದಲ್ಲಿ ಸುಳಿಯುವುದರಿಂದ ಕೇಳುವ ಮೊದಲೇ ಹಾಕಿಸಿಬಿಡುವುದು ಮೇಲು.

ಮೈದಾನದಲ್ಲಿ ಮೊದಲ ಓಟ ವೇಸ್ಟ್‌ಗೇಟ್ ಸ್ಪ್ರಿಂಗಿನ 0.7 ಬಾರ್ ಬೂಸ್ಟಿನಲ್ಲಿಯೇ ಇರಲಿ. ಒಟ್ಟು ಸಮಯಕ್ಕಿಂತ ಮೊದಲ 60 ಅಡಿಯ ಸಮಯವನ್ನು ಬರೆದಿಟ್ಟುಕೊಂಡು, ಟೈರಿನ ಗಾಳಿಯನ್ನೂ ಹೊರಡುವಾಗಿನ ಇಂಜಿನ್ನಿನ ಸುತ್ತಿನ ವೇಗವನ್ನೂ ಒಮ್ಮೆಗೆ ಒಂದನ್ನಷ್ಟೇ ಬದಲಿಸಬೇಕು. ಜೂನ್ ಹತ್ತಿರವಾದಾಗ ತೊಟ್ಟಿಯ ಪೆಟ್ರೋಲನ್ನೂ ಇಂಟರ್‌ಕೂಲರಿನ ನೀರನ್ನೂ ಖಾಲಿ ಮಾಡಿ, ಪ್ಲಗ್ಗಿನ ರಂಧ್ರದಿಂದ ಸಿಲಿಂಡರುಗಳಿಗೆ ಸ್ವಲ್ಪ ಆಯಿಲ್ ಬಿಟ್ಟು, ಗಾಳಿಯ ಬಾಯಿಗೂ ಸೈಲೆನ್ಸರಿನ ತುದಿಗೂ ಎಣ್ಣೆಬಟ್ಟೆ ತುರುಕಿ, ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಬೇಕು. ಆಮೇಲೆ ಮಳೆ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ, ಇಂಜಿನ್ನು ಸುತ್ತುವ ದಿಕ್ಕಿಗೇ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತಿರಬೇಕು.