ಯುದ್ಧ ನಡೆಯುವ ಕಡೆಗೆ ನೆರವು ಕಳಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಗಾಜಾ, ಸುಡಾನ್, ಉಕ್ರೇನ್ ಸುದ್ದಿ ನೋಡಿ ಮನಸ್ಸು ತಡೆಯದೆ ಮೈಸೂರು, ಮಂಡ್ಯದ ಕಾಲೇಜು ಮಕ್ಕಳು, ಮಹಿಳಾ ಸಂಘದವರು ದುಡ್ಡು ಕೂಡಿಸಲು ಹೊರಡುತ್ತಾರೆ. ಒಳ್ಳೆಯ ಕೆಲಸ, ಖಂಡಿತ ಮಾಡಿ. ಆದರೆ ಪ್ರವಾಹಕ್ಕೆ ಕೊಡುವುದೇ ಬೇರೆ, ಯುದ್ಧಕ್ಕೆ ಕೊಡುವುದೇ ಬೇರೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮೈಸೂರಿನಿಂದ ಅಕ್ಕಿ, ಬೆಡ್‌ಶೀಟ್ ಹೊತ್ತು ಹೊರಟ ಗಾಡಿಗೆ ರಸ್ತೆ ಸರಿ ಇದ್ದರೆ ಸಾಕಿತ್ತು. ಯುದ್ಧದಲ್ಲಿ ರಸ್ತೆ ಚೆನ್ನಾಗಿದ್ದರೂ ನಡುವೆ ಬಂದೂಕು ಹಿಡಿದವನು ನಿಂತಿರುತ್ತಾನೆ. ನೀನು ಯಾರ ಕಡೆಯವನು ಅಂತ ಕೇಳುತ್ತಾನೆ. ಯಾರ ಕಡೆಯೂ ಅಲ್ಲ ಅನ್ನುವ ಮಾತನ್ನು ಅವನು ನಂಬಿದರೆ ಮಾತ್ರ ಲಾರಿ ಮುಂದೆ ಹೋಗುತ್ತದೆ. ಆ ನಂಬಿಕೆ ಕೆಡದ ಹಾಗೆ ನಾವು ಇಲ್ಲಿಂದಲೇ ನೋಡಿಕೊಳ್ಳಬೇಕು.

ಮೊದಲು, ನೀವು ದುಡ್ಡು ಕೊಡುವ ಸಂಸ್ಥೆ ಎರಡೂ ಕಡೆಯ ಜನರಿಗೆ ಕೆಲಸ ಮಾಡುತ್ತದಾ ಅಂತ ನೋಡಿ. ಅವರ ವಾರ್ಷಿಕ ವರದಿ ತೆಗೆದು ಓದಿ. ರೆಡ್ ಕ್ರಾಸ್ ಚಳವಳಿ 1965ರಲ್ಲಿ ವಿಯೆನ್ನಾದಲ್ಲಿ ಒಪ್ಪಿಕೊಂಡ ಏಳು ತತ್ವಗಳಲ್ಲಿ ತಟಸ್ಥವಾಗಿರುವುದೂ ಒಂದು. ರೆಡ್ ಕ್ರಾಸ್‌ನವರು ಯುದ್ಧಕೈದಿಗಳನ್ನು ನೋಡಿ ಬಂದರೂ ಕಂಡಿದ್ದನ್ನೆಲ್ಲ ಹೊರಗೆ ಹೇಳುವುದಿಲ್ಲ. ಇವರು ಯಾಕೆ ಬಾಯಿ ಬಿಡುತ್ತಿಲ್ಲ ಅಂತ ನಮಗೆ ಸಿಟ್ಟು ಬರುತ್ತದೆ, ನಿಜ. ಆದರೆ ಬಾಯಿ ಬಿಟ್ಟರೆ ಮುಂದಿನ ಸಲ ಜೈಲಿನ ಬಾಗಿಲು ತೆರೆಯುವುದಿಲ್ಲ, ಒಳಗಿರುವವನ ಕಾಗದ ಅವನ ಮನೆಗೆ ತಲುಪುವುದಿಲ್ಲ. ಯುದ್ಧದ ಜಾಗಗಳಲ್ಲಿ ಚಿಕಿತ್ಸೆ ಕೊಡುವ ವೈದ್ಯರ ಸಂಸ್ಥೆ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ನವರು ಹಾಗಲ್ಲ, ಕಂಡಿದ್ದನ್ನು ಹೇಳುತ್ತಾರೆ. ನನ್ನ ಪ್ರಕಾರ ಎರಡೂ ಥರದವರು ಬೇಕು.

ಎರಡನೆಯದು, ನೆರವಿನ ಹಿಂದೆ ಸೈನ್ಯವೋ ಗುಪ್ತಚರರೋ ಇದ್ದಾರಾ ಅನ್ನುವುದು. ಎಲ್ಲಕ್ಕಿಂತ ಜಾಸ್ತಿ ಹಾನಿ ಆಗುವುದು ಇಲ್ಲೇ. 2001ರಲ್ಲಿ ಅಮೆರಿಕದ ವಿಮಾನಗಳು ಅಫ್ಘಾನಿಸ್ತಾನದ ಮೇಲೆ ಊಟದ ಪೊಟ್ಟಣವನ್ನೂ ಹಾಕಿದವು, ಒಡೆದು ನೂರಾರು ಸಣ್ಣ ಬಾಂಬು ಚೆಲ್ಲುವ ಕ್ಲಸ್ಟರ್ ಬಾಂಬನ್ನೂ ಹಾಕಿದವು. ಪೊಟ್ಟಣವೂ ಹಳದಿ, ಸಿಡಿಯದೆ ಉಳಿದ ಸಣ್ಣ ಬಾಂಬೂ ಹಳದಿ. ಹಸಿದ ಮಗು ಯಾವುದನ್ನು ಎತ್ತಿಕೊಳ್ಳಬೇಕು ಹೇಳಿ? ಕೊನೆಗೆ ರೇಡಿಯೋದಲ್ಲಿ ಎಚ್ಚರಿಕೆ ಕೊಡಬೇಕಾಯಿತು. 2004ರಲ್ಲಿ ಅಲ್ಲಿನ ದಕ್ಷಿಣ ಭಾಗದಲ್ಲಿ ಅಮೆರಿಕ ನೇತೃತ್ವದ ಮಿತ್ರಪಡೆಗಳು ಕರಪತ್ರ ಹಂಚಿದವು: ನೆರವು ಹೀಗೇ ಬರುತ್ತಿರಬೇಕಾದರೆ ತಾಲಿಬಾನ್ ಬಗ್ಗೆ ಮಾಹಿತಿ ಕೊಡಿ ಅಂತ. ಅದೇ ವರ್ಷ ಜೂನ್‌ನಲ್ಲಿ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ನ ಐದು ಜನರನ್ನು ಕೊಂದರು. ಸಂಸ್ಥೆ ಆ ದೇಶವನ್ನೇ ಬಿಟ್ಟು, ಮತ್ತೆ ಬಂದಿದ್ದು 2009ರಲ್ಲಿ. ಇನ್ನೊಂದು ನೋಡಿ. 2011ರಲ್ಲಿ ಬಿನ್ ಲಾಡೆನ್‌ನನ್ನು ಹುಡುಕಲು ಅಬೊಟ್ಟಾಬಾದ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಸುಳ್ಳು ಲಸಿಕೆ ಅಭಿಯಾನ ನಡೆಸಿತು. ನಮ್ಮ ಬೀದಿಯಲ್ಲಿ ಪೋಲಿಯೋ ಹನಿ ಹಾಕಲು ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದರೆ ಹಿಂದುಮುಂದು ನೋಡದೆ ಮಗು ಎತ್ತಿಕೊಂಡು ಬರುತ್ತೇವೆ, ಅಲ್ವಾ? ಪಾಕಿಸ್ತಾನದಲ್ಲಿ ಆ ಘಟನೆ ಆದಮೇಲೆ ಅನುಮಾನ ಇನ್ನೂ ಬೆಳೆಯಿತು, ಲಸಿಕೆ ಹಾಕಲು ಹೋದ ಹೆಣ್ಣುಮಕ್ಕಳು ಗುಂಡಿಗೆ ಬಲಿಯಾದರು. ಆದ್ದರಿಂದ ಸಂಸ್ಥೆಯವರನ್ನು ನೇರವಾಗಿ ಕೇಳಿ: ಫಲಾನುಭವಿಗಳ ಪಟ್ಟಿ ಮಾಡುವವರು ಯಾರು? ಆ ಹೆಸರುಗಳು ಯಾರ ಕೈಗೆ ಹೋಗುತ್ತವೆ?

ಇನ್ನು ನಿಮ್ಮ ಕಡೆಯ ಕೆಲಸ. ಟೌನ್‌ಹಾಲ್ ಮುಂದೆ ಡಬ್ಬಿ ಹಿಡಿದು ನಿಂತರೆ ಅದರ ಮೇಲೆ ಯಾವ ಬಾವುಟವೂ ಬೇಡ, ಘೋಷಣೆಯೂ ಬೇಡ, ಎಂಎಲ್‌ಎ ಫೋಟೋ ಅಂತೂ ಬೇಡವೇ ಬೇಡ. ಯಾರ ಪರವಾಗಿಯಾದರೂ ದನಿ ಎತ್ತಬೇಕು ಅನಿಸಿದರೆ ಅದು ನಿಮ್ಮ ಹಕ್ಕು, ಬೇರೆ ದಿನ ಮಾಡಿ. ಅಲ್ಲಿರುವ ಸಿಬ್ಬಂದಿಯ ಫೋಟೋ, ಲಾರಿ ಹೋಗುವ ದಾರಿ ಇವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.

ಹಳೆ ಬಟ್ಟೆ, ಬಿಸ್ಕತ್ತು ಕೂಡಿಸಬೇಡಿ, ದುಡ್ಡೇ ಕೊಡಿ. ಪರಿಚಯದವರ ಖಾತೆಗೆ, ಕೈಯಿಂದ ಕೈಗೆ ಅಂತ ಕಳಿಸಲೇಬೇಡಿ, ಬ್ಯಾಂಕಿನ ಮೂಲಕವೇ ಹೋಗಲಿ. ನಿರ್ಬಂಧ ಇರುವ ದೇಶದ ಹೆಸರು ಕಂಡರೆ ಸಾಕು, ಬ್ಯಾಂಕಿನವರು ಹಣ ತಡೆದು ಕೂರುತ್ತಾರೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2022ರ ಡಿಸೆಂಬರ್‌ನಲ್ಲಿ ತನ್ನ ನಿರ್ಬಂಧಗಳಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಟ್ಟಿದ್ದರೂ ಬ್ಯಾಂಕುಗಳ ಅಂಜಿಕೆ ಪೂರ್ತಿ ಹೋಗಿಲ್ಲ. ನಿಮ್ಮ ಸಂಘಕ್ಕೆ ಅಮೆರಿಕದಲ್ಲಿರುವ ನೆಂಟರು ದುಡ್ಡು ಹಾಕುತ್ತೇವೆ ಅಂದರೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಆ ದೇಶದ ಪೌರರಾಗಿದ್ದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ.

ಇಷ್ಟೆಲ್ಲ ಪಾಲಿಸಿದವರಿಗೂ ರಕ್ಷಣೆ ಸಿಗುತ್ತದೆ ಅಂತಿಲ್ಲ. ಅಫ್ಘಾನಿಸ್ತಾನದ ಕುಂದುಜ್‌ನಲ್ಲಿದ್ದ ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್‌ನವರ ಆಸ್ಪತ್ರೆ ಎಲ್ಲಿದೆ ಅನ್ನುವುದನ್ನು ಮೊದಲೇ ಎಲ್ಲ ಕಡೆಯವರಿಗೂ ತಿಳಿಸಿದ್ದರು. ಆದರೂ 2015ರ ಅಕ್ಟೋಬರ್ 3ರಂದು ಅಮೆರಿಕದ ವಿಮಾನ ದಾಳಿ ಮಾಡಿ 42 ಜನ ಸತ್ತರು. 2024ರ ಏಪ್ರಿಲ್ 1ರಂದು ಗಾಜಾದಲ್ಲಿ ಊಟ ಹಂಚುವ ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್‌ನ ಏಳು ಜನ ಇಸ್ರೇಲ್ ದಾಳಿಗೆ ಸತ್ತಾಗ, ಅವರ ಓಡಾಟವೂ ಸೈನ್ಯಕ್ಕೆ ತಿಳಿಸಿ ನಡೆದಿದ್ದೇ. ಇಂಥ ಸುದ್ದಿ ಬಂದಾಗ 'ಇವರೂ ಏನೋ ಮಾಡಿರಬೇಕು' ಅಂತ ಸುಮ್ನೆ ಫಾರ್ವರ್ಡ್ ಮಾಡುವವರನ್ನು ದಯವಿಟ್ಟು ತಡೆಯಿರಿ.

ಕೊನೆಗೆ, ದುಡ್ಡು ಕೊಡುವಾಗ ಇದೇ ಊರಿಗೆ, ಇದೇ ಶಿಬಿರಕ್ಕೆ ಅಂತ ಕಟ್ಟಿಹಾಕಬೇಡಿ. ಸಿರಿಯಾಕ್ಕೆ ವಿಶ್ವಸಂಸ್ಥೆಯ ಲಾರಿಗಳು ಹೋಗಲು 2014ರಲ್ಲಿ ನಾಲ್ಕು ಗಡಿ ದಾಟುದಾರಿಗಳಿಗೆ ಒಪ್ಪಿಗೆ ಇತ್ತು, ಭದ್ರತಾ ಮಂಡಳಿಯ ವೀಟೋ ಜಗಳದಲ್ಲಿ 2020ರ ಹೊತ್ತಿಗೆ ಒಂದೇ ಉಳಿಯಿತು. ಒಂದು ದಾರಿ ಮುಚ್ಚಿದರೆ ನಿಮ್ಮ ಹಣ ಇನ್ನೊಂದು ದಾರಿಯಲ್ಲಿ ಹೋಗುವಂತಿರಬೇಕು. ದೇಣಿಗೆ ಫಾರ್ಮಿನಲ್ಲಿ 'ಎಲ್ಲಿ ಹೆಚ್ಚು ಅಗತ್ಯವೋ ಅಲ್ಲಿಗೆ' ಅನ್ನುವ ಆಯ್ಕೆ ಇದ್ದರೆ ಅದಕ್ಕೇ ಟಿಕ್ ಹಾಕಿ, ರಸೀದಿ ಇಸ್ಕೊಳ್ಳಿ.