5 ಕಿಲೋಮೀಟರ್ ಟೈಮ್ ಹಿಡಿದು 800 ಮೀಟರ್ ಲೆಕ್ಕ ಹಾಕಿದ್ದು

ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಕಬ್ಬನ್ ಪಾರ್ಕಿನಲ್ಲಿ ಓಡಿ ಓಡಿ ನಾನು ಆಗಿದ್ದು 10 ಕಿಲೋಮೀಟರ್ ಆಸಾಮಿ. ಟ್ರ್ಯಾಕ್ ಕಡೆ ತಲೆ ಹಾಕಿದವನಲ್ಲ. 41ನೇ ವಯಸ್ಸಿನಲ್ಲಿ ಯಾರೋ ಹುರಿದುಂಬಿಸಿದರು ಅಂತ ಒಂದು ಮಾಸ್ಟರ್ಸ್ ಮೀಟ್‌ಗೆ (ಹಿರಿಯ ವಯಸ್ಸಿನವರ ಕ್ರೀಡಾಕೂಟ) 1500 ಮೀಟರ್‌ಗೆ ಹೆಸರು ಕೊಟ್ಟೆ. ಕೊಟ್ಟ ಮೇಲೆ ಹೊಳೆಯಿತು, ಮೊದಲ ಸುತ್ತು ಎಷ್ಟರಲ್ಲಿ ಓಡಬೇಕು ಅಂತಲೇ ನನಗೆ ಗೊತ್ತಿಲ್ಲ.

ನನ್ನ ಹತ್ತಿರ ಇದ್ದದ್ದು ಎರಡು ಟೈಮ್. 5 ಕಿ.ಮೀ. 21:30, 10 ಕಿ.ಮೀ. 44:20. ಇಂಥ ಹೊತ್ತಿಗೆ ಎಲ್ಲರೂ ಹಿಡಿಯುವುದು ಪೀಟರ್ ರೀಗಲ್ ಅನ್ನೋ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟ, ಒಂದು ದೂರದ ಟೈಮಿನಿಂದ ಇನ್ನೊಂದು ದೂರದ ಟೈಮ್ ಅಂದಾಜು ಮಾಡುವ ಸೂತ್ರವನ್ನು, ಫೋನಿನಲ್ಲಿರುವ ಎಷ್ಟೋ ಕ್ಯಾಲ್ಕುಲೇಟರ್‌ಗಳ ಹೊಟ್ಟೆಯಲ್ಲಿರುವುದೂ ಅದೇ. ಹೊಸ ದೂರವನ್ನು ಹಳೆ ದೂರದಿಂದ ಭಾಗಿಸಿ, ಬಂದದ್ದಕ್ಕೆ 1.06 ಘಾತ ಹಾಕಿ, ಹಳೆ ಟೈಮಿಗೆ ಗುಣಿಸಬೇಕು. ದೂರ ಎರಡರಷ್ಟಾದರೆ ಟೈಮ್ 2.085ರಷ್ಟಾಗುತ್ತದೆ, ಅಷ್ಟೇ. ನನ್ನ 21:30 ಹಾಕಿದೆ. 1500ಕ್ಕೆ ಸರಿಯಾಗಿ 6:00 ಬಂತು. 400 ಮೀಟರಿನ ಒಂದು ಸುತ್ತಿಗೆ 96 ಸೆಕೆಂಡ್. ಅಂಕಿ ಗುಂಡಗೆ ಬಂದಿದೆ ಅಂತ ಖುಷಿಯಾಗಿಬಿಟ್ಟೆ!

ಓಡಿದ್ದು 6:14. ಮೊದಲ ಸುತ್ತು 86, ಆಮೇಲೆ 102, 106, ಕೊನೆಯ 300 ಮೀಟರ್ 80. ಪಕ್ಕದವರ ಜೊತೆ ಹೋಗಿ ಕೆಟ್ಟೆ, ಅದು ನಿಜ. ಆದರೆ 96ರಲ್ಲೇ ಓಡಿದ್ದರೂ 6:00 ಬರುತ್ತಿರಲಿಲ್ಲ ಅಂತ ಮನಸ್ಸಿಗೆ ಅನಿಸುತ್ತಲೇ ಇತ್ತು.

ಮನೆಗೆ ಬಂದು ಸ್ಪ್ರೆಡ್‌ಶೀಟ್ ತೆರೆದು ಕೂತೆ. 1.06 ಎಲ್ಲರಿಗೂ ಒಂದೇ ಯಾಕಾಗಬೇಕು? ನನ್ನದೇ ಘಾತ ಕಂಡುಹಿಡಿಯುವುದು ಕಷ್ಟವಲ್ಲ, ಎರಡು ಟೈಮ್ ಇದ್ದರೆ ಸಾಕು. ಟೈಮ್‌ಗಳ ಅನುಪಾತದ ಲಾಗ್ ತಗೊಂಡು ದೂರಗಳ ಅನುಪಾತದ ಲಾಗ್‌ನಿಂದ ಭಾಗಿಸಬೇಕು (ಫೋನ್ ಅಡ್ಡ ಹಿಡಿದರೆ ಕ್ಯಾಲ್ಕುಲೇಟರಿನಲ್ಲಿ ಲಾಗ್ ಗುಂಡಿ ಸಿಗುತ್ತದೆ). ನನಗೆ ಬಂದದ್ದು 1.044. ಅಂದರೆ ದೂರ ಹೆಚ್ಚಾದರೂ ನಾನು ಜಾಸ್ತಿ ನಿಧಾನ ಆಗುವುದಿಲ್ಲ, ಹಾಗೆಯೇ ದೂರ ಕಮ್ಮಿಯಾದರೂ ಜಾಸ್ತಿ ವೇಗ ಬರುವುದಿಲ್ಲ. ಎತ್ತಿನ ಗಾಡಿ ಜಾತಿ. ಇದೇ 1.044 ಹಾಕಿದರೆ 1500ಕ್ಕೆ 6:07 ಬರುತ್ತದೆ. ಎರಡು ತಿಂಗಳ ಮೇಲೆ ಇನ್ನೊಂದು ಮೀಟ್‌ನಲ್ಲಿ 97, 98, 98, ಕೊನೆಯ 300 ಮೀಟರ್ 71 ಅಂತ ಸಮವಾಗಿ ಓಡಿ 6:04ಕ್ಕೆ ಮುಗಿಸಿದೆ.

ಇದರ ಉಲ್ಟಾ ನನ್ನ ಸ್ನೇಹಿತನೊಬ್ಬ. ಕಾಲೇಜಿನಲ್ಲಿ 400 ಓಡುತ್ತಿದ್ದವನು, ಈಗಲೂ 62 ಸೆಕೆಂಡ್‌ಗೆ ಮುಗಿಸುತ್ತಾನೆ, ಆದರೆ 5 ಕಿ.ಮೀ.ಗೆ 25 ನಿಮಿಷ. ರೀಗಲ್ ಲೆಕ್ಕದಲ್ಲಿ ಅವನ 1500 ಆಗಬೇಕಾಗಿದ್ದು 6:59. ಓಡಿದ್ದು 6:20! ಒಂದೇ ಸೂತ್ರ ನನಗೆ ಕಮ್ಮಿ ಟೈಮ್ ಹೇಳಿತು, ಅವನಿಗೆ ಜಾಸ್ತಿ ಹೇಳಿತು.

ಇಲ್ಲೊಂದು ಎಚ್ಚರಿಕೆ. 5 ಕಿ.ಮೀ. ಟೈಮ್ ವಾಚ್ ನಂಬಿ ತಗೋಬೇಡಿ. ಪಾರ್ಕಿನ ಮರಗಳ ಕೆಳಗೆ ಜಿಪಿಎಸ್ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ. ನಾನು ಟ್ರ್ಯಾಕ್‌ನಲ್ಲಿ ಹನ್ನೆರಡೂವರೆ ಸುತ್ತು ಎಣಿಸಿ ಓಡಿದ್ದು. ಎರಡೂ ಟೈಮ್ ಒಂದೇ ತಿಂಗಳೊಳಗಿನವು ಆಗಿರಬೇಕು. ಹೋದ ವರ್ಷದ 10 ಕಿ.ಮೀ. ಮತ್ತು ಈ ವರ್ಷದ 5 ಕಿ.ಮೀ. ಸೇರಿಸಿದರೆ ಬರುವುದು ಘಾತವಲ್ಲ, ಹೋದ ವರ್ಷದಿಂದ ನೀವೆಷ್ಟು ದಪ್ಪ ಆಗಿದ್ದೀರಿ ಅನ್ನೋದು.

ಸರಿ, ಮುಂದಿನ ಆಸೆ 800. ಇಲ್ಲಿ ಸೂತ್ರ ಪೂರ್ತಿ ಕೈಕೊಟ್ಟಿತು. ನನ್ನ 5 ಕಿ.ಮೀ. ಹಾಕಿದರೆ 3:05 ಅನ್ನುತ್ತದೆ. ನನ್ನ 400 ಟೈಮ್ 74 ಸೆಕೆಂಡ್ ಹಾಕಿದರೆ 2:34 ಅನ್ನುತ್ತದೆ. ಅರ್ಧ ನಿಮಿಷ ವ್ಯತ್ಯಾಸ, 800 ಮೀಟರಿನಲ್ಲಿ! ಇದರಲ್ಲಿ ರೀಗಲ್ ತಪ್ಪೇನಿಲ್ಲ. ಸುಮಾರು ಮೂರೂವರೆ ನಿಮಿಷದಿಂದ 230 ನಿಮಿಷದವರೆಗಿನ ಓಟಕ್ಕೆ ಮಾತ್ರ ಇದು ಅಂತ ಅವರೇ ಬರೆದಿದ್ದಾರೆ. ನಾವು ಓದದೆ ಬಳಸುತ್ತೇವೆ, ಅಷ್ಟೇ.

ವಿಶ್ವದಾಖಲೆಗಳನ್ನು ಶೀಟಿಗೆ ಹಾಕಿ ನೋಡಿದಾಗ ವಿಷಯ ಕಣ್ಣಿಗೆ ಕಂಡಿತು. ವಾನ್ ನೀಕರ್ಕ್ 400 ಮೀಟರ್ 43.03, ರುಡಿಶಾ 800 ಮೀಟರ್ 1:40.91, ಎಲ್ ಗೆರೂಜ್ 1500 ಮೀಟರ್ 3:26.00, ಚೆಪ್ಟೆಗೈ 5000 ಮತ್ತು 10,000 ಮೀಟರ್ 12:35.36, 26:11.00. 5ರಿಂದ 10 ಸಾವಿರಕ್ಕೆ ಘಾತ 1.056, ರೀಗಲ್ ಹೇಳಿದ ಹಾಗೇ ಇದೆ. 1500ರಿಂದ 5000ಕ್ಕೆ 1.08. 800ರಿಂದ 1500ಕ್ಕೆ 1.135. 400ರಿಂದ 800ಕ್ಕೆ ಹೋದರೆ 1.23! ಕೆಳಗಿಳಿದ ಹಾಗೆ ಗೆರೆ ಬಾಗುತ್ತಾ ಹೋಗುತ್ತದೆ. ಕಾರಣ ಸರಳ. ಉದ್ದದ ಓಟ ಬಹುಪಾಲು ಆಮ್ಲಜನಕದ ಬಲದಲ್ಲಿ ನಡೆಯುತ್ತದೆ, 400ರಲ್ಲಿ ಅರ್ಧಕ್ಕರ್ಧ ಸಾಲದ ಮೇಲೆ, ಅಂದರೆ ಆಮ್ಲಜನಕವಿಲ್ಲದೆ ಸಿಗುವ ಶಕ್ತಿಯ ಮೇಲೆ ಓಡುತ್ತೇವೆ, ಆ ಸಾಲ ಎರಡನೇ ಸುತ್ತಿಗೆ ಮತ್ತೆ ಹುಟ್ಟುವುದಿಲ್ಲ.

ಇವರೆಲ್ಲ ಬೇರೆ ಬೇರೆ ಜನ ಅಲ್ವಾ ಅನ್ನಬಹುದು. ಒಬ್ಬರನ್ನೇ ನೋಡಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕ್ಯೂಬಾದ ಹುವಾಂಟೊರೆನಾ 400, 800 ಎರಡೂ ಗೆದ್ದರು, 44.26 ಮತ್ತು 1:43.50. ಘಾತ 1.226. ನಮ್ಮ ಜಿನ್ಸನ್ ಜಾನ್ಸನ್ 800ರಲ್ಲಿ 1:45.65, 1500ರಲ್ಲಿ 3:35.24. ಟೈಮ್ 2.037 ಪಟ್ಟು, ವಿಶ್ವದಾಖಲೆಗಳದ್ದು 2.041 ಪಟ್ಟು. ಅಂದಹಾಗೆ ಹುವಾಂಟೊರೆನಾ ಗೆದ್ದ ಆ 800 ಫೈನಲ್‌ನಲ್ಲಿ ಮೊದಲ ಸುತ್ತಿನ ಕೊನೆಗೆ ಮುಂದಿದ್ದವರು ನಮ್ಮ ಶ್ರೀರಾಮ್ ಸಿಂಗ್. ಕೊನೆಗೆ ಏಳನೆಯವರಾದರು, 1:45.77. ಆ ರಾಷ್ಟ್ರೀಯ ದಾಖಲೆ 42 ವರ್ಷ ನಿಂತಿತ್ತು, ಮುರಿದವರು ಇದೇ ಜಿನ್ಸನ್, 2018ರಲ್ಲಿ.

ಹಾಗಾಗಿ ನಾನು ಮಾಡಿದ್ದು ಇಷ್ಟು. 800ಕ್ಕೆ ದೂರದಿಂದ ಕಲ್ಲು ಹೊಡೆಯುವುದು ಬಿಟ್ಟು ಎರಡೂ ಕಡೆಯಿಂದ ಹಿಡಿದೆ. ಆ ಕಡೆ 400 ಮೀಟರ್ 74 ಸೆಕೆಂಡ್, ಈ ಕಡೆ 1500 ಮೀಟರ್ 364 ಸೆಕೆಂಡ್. ಇವೆರಡರ ನಡುವಿನ ಘಾತ 1.205. ಅದರ ಪ್ರಕಾರ 800ಕ್ಕೆ ಸುಮಾರು 2:51. ಆದರೆ ನಡುವೆ ಗೆರೆ ಬಾಗುತ್ತದಲ್ಲ, ಅದಕ್ಕೇನು ಮಾಡುವುದು? ಇದೇ ಲೆಕ್ಕವನ್ನು ವಿಶ್ವದಾಖಲೆಗಳ ಮೇಲೆ ಪ್ರಯೋಗ ಮಾಡಿದೆ. 43.03 ಮತ್ತು 3:26 ಕೊಟ್ಟರೆ 800ಕ್ಕೆ 1:37.8 ಬಂತು, ನಿಜವಾದ ದಾಖಲೆ ಅದಕ್ಕಿಂತ ಶೇ. 3ರಷ್ಟು ಹೆಚ್ಚು. ನನ್ನದಕ್ಕೂ ಶೇ. 3 ಸೇರಿಸಿದೆ, 2:56. ಶಾಸ್ತ್ರೀಯವೇನಲ್ಲ, ಗೊತ್ತು.

ಓಡಿದ್ದು 2:57. ಮೊದಲ ಸುತ್ತು 86, ಎರಡನೆಯದು 91. ಅದೇ 86, ಮೊದಲ 1500ರಲ್ಲಿ ನನ್ನನ್ನು ಹಾಳು ಮಾಡಿದ ಸುತ್ತು. ಈ ಸಲ ಬೇಕಂತಲೇ ಓಡಿದ್ದು. 600 ಮೀಟರಿಗೆ ಕಾಲು ಮರದ ಕೊರಡಾಯಿತು ಅನ್ನೋದು ಬೇರೆ ಮಾತು.

ಆ 62 ಸೆಕೆಂಡ್ ಸ್ನೇಹಿತ ಇನ್ನೂ 800 ಓಡಿಲ್ಲ. ರೀಗಲ್‌ಗೆ ಕೇಳಿದರೆ ಅವನಿಗೆ 2:09. ನನ್ನ ಶೀಟಿನಲ್ಲಿ ಅವನ ಹೆಸರಿನ ಮುಂದೆ 2:45 ಇದೆ. ಅವನು 2:30 ಅಂತ ಹಟ ಹಿಡಿದಿದ್ದಾನೆ, ಮುಂದಿನ ತಿಂಗಳು ಓಡುತ್ತಾನಂತೆ. ಸೋತವರು ಎರಡು ಮಸಾಲೆ ದೋಸೆ ಕೊಡಿಸಬೇಕು.